ಗಡ್ಡದ ಓತಿಯ ಮರಿ ತಿನ್ನುತ್ತಿಲ್ಲವೇ? ಮೊದಲು ಬಿಸಿ ಅಳೆಯಿರಿ

ಸಾಕಿದ ಗಡ್ಡದ ಓತಿಯ, ಅಂದರೆ ಬಿಯರ್ಡೆಡ್ ಡ್ರ್ಯಾಗನ್‌ನ ಮರಿ ಎರಡು ದಿನ ಹುಳ ಮುಟ್ಟದೆ ಕೂತರೆ ಮನೆಯಲ್ಲಿ ಸಾಮಾನ್ಯವಾಗಿ ನಡೆಯುವುದು ಇಷ್ಟು: ಮೊದಲು ಹುಳ ಬದಲಾಗುತ್ತದೆ, ಆಮೇಲೆ ಸೊಪ್ಪು ಬದಲಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ಯಾರೋ ಒಬ್ಬರು ಮರಿಯನ್ನು ಅಂಗೈಯಲ್ಲಿ ಹಿಡಿದು, ಬಾಯಿ ಬಿಡಿಸಿ, ಸಿರಿಂಜಿನಲ್ಲಿ ಏನಾದರೂ ಸುರಿಯುತ್ತಾರೆ. ಅಕ್ಕರೆಯಿಂದಲೇ ಮಾಡುತ್ತಾರೆ, ಆದರೆ ಕ್ರಮ ತಲೆಕೆಳಗಾಗಿರುತ್ತದೆ. ಊಟ ಬಿಟ್ಟ ಮರಿಯ ವಿಷಯದಲ್ಲಿ ಮೊದಲು ಪರೀಕ್ಷಿಸಬೇಕಾದ್ದು ಅದರ ಮೈಗೆ ಸಿಗುತ್ತಿರುವ ಬಿಸಿಯನ್ನು, ಆಮೇಲೆ ಬೆಳಕನ್ನು, ಆಮೇಲೆ ಅದರ ನೆಮ್ಮದಿಯನ್ನು; ತಿನಿಸಿನ ಸರದಿ ಇವೆಲ್ಲ ಆದ ನಂತರದ್ದು. ಬೆಂಗಳೂರು, ಹೈದರಾಬಾದಿನ ಅಂಗಡಿಗಳಲ್ಲಿ ಮಾರಾಟವಾಗುವ ಈ ಪ್ರಾಣಿಯನ್ನು ಮುದಗಲ್, ಮಸ್ಕಿ, ಸಿಂಧನೂರಿನ ಕಡೆ ತಂದು ಸಾಕುವವರಿಗೆ ಈ ಕ್ರಮ ಇನ್ನೂ ಮುಖ್ಯ. ಯಾಕೆಂದರೆ ನಮ್ಮ ಸೀಮೆಯ ಬಿಸಿಲೇ ಇಲ್ಲಿ ಸಾಕುವವರ ದಾರಿ ತಪ್ಪಿಸುತ್ತದೆ.

ಗಡ್ಡದ ಓತಿ ಆಸ್ಟ್ರೇಲಿಯಾದ ಒಳನಾಡಿನ ಒಣ ಬಯಲಿನದು. ಆದರೆ ನಮಗೆ ತೀರ ಅಪರಿಚಿತ ಸಂಬಂಧವೇನಲ್ಲ. ನಮ್ಮ ಬೇಲಿಯ ಓತಿಕ್ಯಾತ, ಗ್ರಾನೈಟ್ ಬಂಡೆಗಳ ಮೇಲೆ ಓಡಾಡುವ ಬಂಡೆ ಓತಿ, ತೇಜಸ್ವಿಯವರ ‘ಕರ್ವಾಲೊ’ ಓದಿದವರೆಲ್ಲ ಬಲ್ಲ ಹಾರುವ ಓತಿ ಇವೆಲ್ಲ ಸೇರಿದ ಅಗಾಮಿಡೇ ಕುಟುಂಬಕ್ಕೇ ಇದೂ ಸೇರಿದೆ. ಆದ್ದರಿಂದ ಮರಿಯ ಹಸಿವನ್ನು ಅರ್ಥಮಾಡಿಕೊಳ್ಳಲು ಆಸ್ಟ್ರೇಲಿಯಾಕ್ಕೆ ಹೋಗಬೇಕಿಲ್ಲ. ಬೆಳಗಿನ ಹೊತ್ತು ಮುದಗಲ್ ಕೋಟೆಯಂಥ ಕಲ್ಲು ಬಂಡೆಗಳ ಜಾಗದಲ್ಲೋ ಹೊಲದ ಬೇಲಿಯ ಬಳಿಯೋ ಒಂದು ಓತಿಯನ್ನು ದೂರದಿಂದ ಗಮನಿಸಿದರೆ ಸಾಕು. ರಾತ್ರಿ ಕಳೆದ ಜಾಗದಿಂದ ಹೊರಬಂದ ಅದು ಆಹಾರ ಹುಡುಕಲು ಹೋಗುವುದಿಲ್ಲ. ಬಿಸಿಲು ಬೀಳುವ ಕಲ್ಲಿನ ಮೇಲೆ ಮೈಯನ್ನು ಚಪ್ಪಟೆ ಮಾಡಿ, ಬೆನ್ನನ್ನು ಸೂರ್ಯನ ಕಡೆ ಓರೆ ಮಾಡಿ, ಮಬ್ಬು ಬಣ್ಣದಲ್ಲಿ ಅಲ್ಲಾಡದೆ ಕೂರುತ್ತದೆ. ಆಗ ಇರುವೆ ಮೂಗಿನ ಮುಂದೆಯೇ ಹಾದುಹೋದರೂ ಹೆಚ್ಚಿನ ಸಲ ಸುಮ್ಮನಿರುತ್ತದೆ. ಮೈ ಕಾದ ಮೇಲೆ ಬಣ್ಣ ತಿಳಿಯಾಗುತ್ತದೆ, ತಲೆ ಮೇಲೇಳುತ್ತದೆ, ಕಣ್ಣು ಚುರುಕಾಗುತ್ತದೆ. ಬೇಟೆ ಶುರುವಾಗುವುದು ಆಮೇಲೆ. ಇದರ ಹಿಂದಿನ ಕಾರಣ ಸರಳ. ನಮ್ಮ ದೇಹ ತಿಂದ ಅನ್ನದಿಂದಲೇ ಬಿಸಿ ಹುಟ್ಟಿಸಿಕೊಳ್ಳುತ್ತದೆ, ಓತಿಯ ದೇಹ ಬಿಸಿಯನ್ನು ಹೊರಗಿನಿಂದ ಪಡೆಯಬೇಕು. ಜೀರ್ಣರಸಗಳು ಕೆಲಸ ಮಾಡುವುದು, ಕರುಳು ಚಲಿಸುವುದು, ಹಸಿವು ಹುಟ್ಟುವುದು ಎಲ್ಲವೂ ಆ ಬಿಸಿ ಒಂದು ಮಟ್ಟ ಮುಟ್ಟಿದ ಮೇಲೆಯೇ. ಗಡ್ಡದ ಓತಿ ತನ್ನ ಮೈಯನ್ನು ಸುಮಾರು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಟ್ಟುಕೊಳ್ಳಲು ಬಯಸುತ್ತದೆ. ಅದಕ್ಕಿಂತ ಬಹಳ ಕೆಳಗಿದ್ದಾಗ ಹೊಟ್ಟೆಗೆ ಹೋದ ಹುಳ ಅರಗದೆ ಕೊಳೆಯುತ್ತದೆ. ಹೀಗಾಗಿ ತಣ್ಣಗಿರುವ ಮರಿ ಊಟ ಬಿಡುವುದು ತನ್ನನ್ನು ಕಾಪಾಡಿಕೊಳ್ಳುವ ದಾರಿಯೇ ಆಗಿದೆ.

ಇಲ್ಲಿಯೇ ನಮ್ಮ ಕಡೆಯವರ ಮೊದಲ ಆಕ್ಷೇಪ ಬರುತ್ತದೆ. ‘ರಾಯಚೂರು ಜಿಲ್ಲೆಯಲ್ಲಿ ಬಿಸಿಗೆ ಬರವೇ? ಇಲ್ಲಿ ಬಿಸಿ ಕೊಡುವ ಬಲ್ಬು ಯಾಕೆ ಬೇಕು?’ ಮಾತು ಸಹಜವಾದದ್ದೇ, ಆದರೆ ಗಾಳಿಯ ಸೆಕೆ ಬೇರೆ, ಬೆನ್ನ ಮೇಲೆ ಬೀಳುವ ಬಿಸಿಲು ಬೇರೆ. ಹೊರಗೆ 36 ಡಿಗ್ರಿ ಇರುವ ದಿನವೂ ದಪ್ಪ ಕಲ್ಲಿನ ಗೋಡೆಯ ಮನೆಯ ಒಳಕೋಣೆ 28ರಲ್ಲಿ ಇರಬಹುದು. ಆ 28 ಡಿಗ್ರಿ ನಮಗೆ ಹಿತ, ಮರಿಗೆ ಅರೆಹೊಟ್ಟೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮಲ್ಲೂ ತಾಪಮಾನ 20ಕ್ಕಿಂತ ಕೆಳಗಿಳಿಯುತ್ತದೆ, ಬೆಳಗ್ಗೆ ಹತ್ತರವರೆಗೆ ಮನೆಯೊಳಗೆ ಆ ತಂಪು ಉಳಿದಿರುತ್ತದೆ. ಮಳೆಗಾಲದ ಮೋಡದ ವಾರಗಳಲ್ಲಿಯೂ ಇದೇ ಕಥೆ. ಇನ್ನು ಕರೆಂಟು ಹೋದ ಹೊತ್ತಿನ ಮಾತು ಬೇರೆ ಹೇಳಬೇಕಿಲ್ಲ. ಬೆಳಗ್ಗೆ ಹುಳ ತಿಂದ ಮರಿಗೆ ಮಧ್ಯಾಹ್ನವೆಲ್ಲ ದೀಪವಿಲ್ಲದಿದ್ದರೆ ಆ ಹುಳ ಹೊಟ್ಟೆಯಲ್ಲಿ ಹಾಗೇ ಕೂರುತ್ತದೆ, ಮರುದಿನ ಮರಿ ತಿನ್ನಲು ಒಲ್ಲೆ ಎನ್ನುತ್ತದೆ. ಸಾಕಿದವರು ಮರುದಿನದ ಹುಳವನ್ನು ದೂರುತ್ತಾರೆ, ಹಿಂದಿನ ದಿನದ ಕರೆಂಟನ್ನು ಮರೆತಿರುತ್ತಾರೆ. ಇನ್ವರ್ಟರ್ ಇದ್ದರೆ ಬಿಸಿದೀಪವನ್ನು ಅದಕ್ಕೆ ಜೋಡಿಸಿ. ಇಲ್ಲದಿದ್ದರೆ ಕರೆಂಟು ಗಟ್ಟಿಯಾಗಿ ಇರುವ ಹೊತ್ತು ನೋಡಿ ತಿನ್ನಿಸಿ, ತಿಂದ ಮೇಲೆ ಕನಿಷ್ಠ ಎರಡು ತಾಸಾದರೂ ಬಿಸಿ ಸಿಗುವಂತಿರಲಿ.

ಹಾಗಾಗಿ ಊಹೆ ಬಿಟ್ಟು ಅಳತೆಗೆ ಬನ್ನಿ. ಕೊರೊನಾ ಕಾಲದಲ್ಲಿ ಹಣೆಗೆ ಹಿಡಿಯುತ್ತಿದ್ದ ಗನ್ ಥರ್ಮಾಮೀಟರ್ ಎಷ್ಟೋ ಮನೆಗಳಲ್ಲಿ, ಔಷಧ ಅಂಗಡಿಗಳಲ್ಲಿ ಇನ್ನೂ ಇದೆ. ಅದರಲ್ಲಿ ಮನುಷ್ಯರ ಜ್ವರ ನೋಡುವ ಮೋಡ್ ಬಿಟ್ಟು ವಸ್ತುವಿನ ಮೇಲ್ಮೈ ನೋಡುವ ಸರ್ಫೇಸ್ ಮೋಡ್‌ಗೆ ಬದಲಿಸಿಕೊಳ್ಳಬೇಕು; ಜ್ವರದ ಮೋಡ್‌ನಲ್ಲಿ ಕಲ್ಲಿಗೆ ಹಿಡಿದರೆ ಸುಳ್ಳು ಲೆಕ್ಕ ಬರುತ್ತದೆ. ದೀಪ ಹಚ್ಚಿ ಒಂದು ತಾಸಾದ ಮೇಲೆ ಮರಿ ಕೂರುವ ಕಲ್ಲು ಅಥವಾ ಕಟ್ಟಿಗೆಯ ಮೇಲ್ಮೈಯನ್ನು, ಮರಿಯ ಬೆನ್ನು ಇರುವ ಎತ್ತರದಲ್ಲಿಯೇ ಅಳೆಯಿರಿ. ಮರಿಗೆ ಆ ಜಾಗ 40ರಿಂದ 42 ಡಿಗ್ರಿ ಇರಬೇಕು. ಪೆಟ್ಟಿಗೆಯ ಇನ್ನೊಂದು ತುದಿ 25ರಿಂದ 29ರ ನಡುವೆ ಇರಬೇಕು. ಈ ಎರಡು ತುದಿಗಳ ಅಂತರವೇ ಮುಖ್ಯ, ಯಾಕೆಂದರೆ ಮರಿ ತನ್ನ ಮೈ ತಾಪವನ್ನು ಸರಿಮಾಡಿಕೊಳ್ಳುವುದು ಓಡಾಟದಿಂದ. ಎರಡಡಿಯೂ ಇಲ್ಲದ ಮೀನಿನ ತೊಟ್ಟಿಯಲ್ಲಿ ಈ ಅಂತರ ಹುಟ್ಟುವುದಿಲ್ಲ; ಮರಿಗೂ ಮೂರಡಿ ಉದ್ದದ ಪೆಟ್ಟಿಗೆ ಬೇಕು ಎನ್ನುವುದು ಇದಕ್ಕೇ. ಪೆಟ್ಟಿಗೆಯ ಗಾಜಿಗೆ ಅಂಟಿಸುವ ಗುಂಡು ಮುಳ್ಳಿನ ಥರ್ಮಾಮೀಟರ್ ತೋರಿಸುವುದು ಆ ಗಾಜಿನ ತಾಪಮಾನವನ್ನು ಮಾತ್ರ. ಅದನ್ನು ನಂಬಿ ಕೂತವರ ಮರಿಗಳೇ ಹೆಚ್ಚಾಗಿ ಉಪವಾಸ ಬೀಳುತ್ತವೆ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಬೇಸಿಗೆಯಲ್ಲಿ ಲೆಕ್ಕ ತಿರುವುಮುರುವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ದಾಟುವುದು ಸಾಮಾನ್ಯ. ಆಗ ಪೆಟ್ಟಿಗೆಯಲ್ಲಿ ತಂಪಿನ ತುದಿಯೇ ಇಲ್ಲವಾಗುತ್ತದೆ, ಮರಿಗೆ ಓಡಿಹೋಗಲು ಜಾಗವಿರುವುದಿಲ್ಲ. ಮೈಯನ್ನು ನೆಲಕ್ಕೆ ಅಂಟಿಸಿ, ಬಾಯಿ ತೆರೆದು, ದೀಪದಿಂದ ದೂರದ ಮೂಲೆಯಲ್ಲೇ ಬಿದ್ದಿರುವ ಮರಿ ತಿನ್ನುತ್ತಿಲ್ಲವಾದರೆ ಕಾರಣ ಬಿಸಿ ಹೆಚ್ಚಾಗಿರುವುದು. ಬಿಸಿದೀಪವನ್ನು ಬೆಳಗ್ಗೆ ಎರಡು ತಾಸಿಗೆ ಇಳಿಸಿ, ಪೆಟ್ಟಿಗೆಯನ್ನು ಮನೆಯ ತಂಪಾದ ಕೋಣೆಯ ನೆಲಕ್ಕೆ ತನ್ನಿ, ಒಂದು ತುದಿಯ ಮೇಲೆ ಹೊರಗಡೆಯಿಂದ ಒದ್ದೆ ಗೋಣಿತಟ್ಟು ಹಾಕಿ. ಏರ್ ಕೂಲರಿನ ಗಾಳಿ ನೇರವಾಗಿ ಬಿಡಬೇಡಿ. ಅದರ ತೇವ ಒಣ ಸೀಮೆಯ ಈ ಪ್ರಾಣಿಯ ಉಸಿರಾಟಕ್ಕೆ ಒಳ್ಳೆಯದಲ್ಲ. ಬೇಸಿಗೆಯಲ್ಲಿ ಊಟದ ಹೊತ್ತನ್ನೂ ಬೆಳಗಿನ ಎಂಟರ ಆಸುಪಾಸಿಗೆ ತಂದರೆ ಮರಿ ಎಷ್ಟೋ ಚೆನ್ನಾಗಿ ತಿನ್ನುತ್ತದೆ. ಕಾಡಿನ ಓತಿಗಳೂ ಮಟಮಟ ಮಧ್ಯಾಹ್ನ ಬೇಟೆಯಾಡುವುದಿಲ್ಲ.

ಬಿಸಿ ಸರಿಯಾದ ಮೇಲೂ ಮರಿ ತಿನ್ನದಿದ್ದರೆ ಬೆಳಕನ್ನು ನೋಡಿ. ಸೂರ್ಯನ ಬೆಳಕಿನಲ್ಲಿರುವ ಯುವಿಬಿ ಕಿರಣಗಳಿಂದ ಓತಿಯ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುತ್ತದೆ, ಅದಿಲ್ಲದೆ ತಿಂದ ಕ್ಯಾಲ್ಸಿಯಂ ರಕ್ತಕ್ಕೆ ಸೇರದು. ಬೆಳೆಯುವ ಮರಿಗೆ ಕ್ಯಾಲ್ಸಿಯಂ ಕಡಿಮೆಯಾದರೆ ದವಡೆ ಮೆತ್ತಗಾಗುತ್ತದೆ, ಬೆರಳು ಅದುರುತ್ತವೆ, ಕಾಲು ಬಾಗುತ್ತವೆ. ಅಂಥ ಮರಿಗೆ ಹಸಿವಿದ್ದರೂ ಹುಳವನ್ನು ಕಚ್ಚುವ ಶಕ್ತಿ ಇರುವುದಿಲ್ಲ. ಹತ್ತಿರದಿಂದ ನೋಡಿದರೆ ಇದು ಗೊತ್ತಾಗುತ್ತದೆ: ಮರಿ ಹುಳದ ಕಡೆ ತಲೆ ವಾಲಿಸುತ್ತದೆ, ಎರಡು ಹೆಜ್ಜೆ ಓಡುತ್ತದೆ, ನಾಲಿಗೆ ಚಾಚುತ್ತದೆ, ಆದರೆ ಹುಳ ಬಾಯಿಂದ ಜಾರಿ ಬೀಳುತ್ತದೆ. ಎರಡು ಮೂರು ಸಲ ಹೀಗಾದ ಮೇಲೆ ಅದು ಪ್ರಯತ್ನವನ್ನೇ ಬಿಡುತ್ತದೆ. ಹುಳವನ್ನು ನೋಡಲೇ ಇಲ್ಲದ ಮರಿಗೂ, ನೋಡಿ ಹಿಡಿಯಲಾರದ ಮರಿಗೂ ವ್ಯತ್ಯಾಸವಿದೆ. ಎರಡನೆಯದಕ್ಕೆ ತಡಮಾಡದೆ ಪಶುವೈದ್ಯರು ಬೇಕು. ‘ಕಿಟಕಿಯಲ್ಲಿ ಇಡುತ್ತೇವಲ್ಲ, ಬಿಸಿಲು ಬೀಳುತ್ತದಲ್ಲ’ ಎನ್ನುವವರಿಗೆ ಉತ್ತರವಿಷ್ಟೇ: ಕಿಟಕಿಯ ಗಾಜು ಬೆಳಕನ್ನೂ ಬಿಸಿಯನ್ನೂ ಬಿಡುತ್ತದೆ, ಯುವಿಬಿಯನ್ನು ಬಹುಪಾಲು ತಡೆಯುತ್ತದೆ. ಸರೀಸೃಪಗಳಿಗೆಂದೇ ಬರುವ ಉದ್ದನೆಯ ಯುವಿಬಿ ಟ್ಯೂಬನ್ನು ತಯಾರಕರು ಹೇಳಿದ ಅಂತರದಲ್ಲಿ, ದಿನಕ್ಕೆ 12 ತಾಸು ಹಚ್ಚಬೇಕು, ಬೆಳಗುತ್ತಲೇ ಇದ್ದರೂ ವರ್ಷಕ್ಕೊಮ್ಮೆ ಬದಲಿಸಬೇಕು. ಬೆಳಗಿನ ಬಿಸಿಲಿನಲ್ಲಿ, ಅರ್ಧ ನೆರಳಿರುವ ಜಾಲರಿ ಬುಟ್ಟಿಯಲ್ಲಿ ಇಪ್ಪತ್ತು ನಿಮಿಷ ಇಡುವುದು ಇನ್ನೂ ಒಳ್ಳೆಯದು. ನಮ್ಮ ಸೀಮೆಗೆ ವರ್ಷದ ಹೆಚ್ಚಿನ ದಿನ ಪುಕ್ಕಟೆ ಸಿಗುವ ಔಷಧ ಇದು. ಗಾಜಿನ ತೊಟ್ಟಿಯನ್ನು ಮಾತ್ರ ಎಂದೂ ಬಿಸಿಲಿಗೆ ಇಡಬೇಡಿ. ನಿಮಿಷಗಳಲ್ಲಿ ಒಳಗಿನ ಜೀವ ಬೆಂದುಹೋಗುತ್ತದೆ.

ಕ್ಯಾಲ್ಸಿಯಂ ಬಗ್ಗೆ ಎರಡು ಎಚ್ಚರಿಕೆ ಇಲ್ಲೇ ಹೇಳಬೇಕು. ಸಾಕುವ ಹುಳಗಳಲ್ಲಿ ಹೆಚ್ಚಿನವುಗಳಲ್ಲಿ ರಂಜಕ ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಮರಿಗೆ ಬೇಕಾದ್ದು ಅದರ ತಿರುವುಮುರುವು, ಅಂದರೆ ರಂಜಕದ ಸುಮಾರು ಎರಡು ಪಟ್ಟು ಕ್ಯಾಲ್ಸಿಯಂ. ಅದಕ್ಕಾಗಿ ಹುಳಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಕೊಡುತ್ತಾರೆ. ಪುಡಿ ಸಿಗಲಿಲ್ಲವೆಂದು ಎಲೆಯಡಿಕೆಯ ಸುಣ್ಣ ಸವರಬಾರದು, ಅದು ಬಾಯಿ, ಅನ್ನನಾಳವನ್ನು ಸುಡುತ್ತದೆ. ಮೊಟ್ಟೆಯ ಚಿಪ್ಪನ್ನು ಕುದಿಸಿ, ಒಣಗಿಸಿ, ಹಿಟ್ಟಿನಷ್ಟು ನುಣ್ಣಗೆ ಕುಟ್ಟಿ ಬಳಸಬಹುದು. ಹಾಗೆಯೇ ಮನುಷ್ಯರಿಗೆ ಕೊಡುವ ಡಿ3 ಸ್ಯಾಶೆ, ಸಿರಪ್ಪುಗಳ ಹನಿ ಹಾಕಲು ಹೋಗಬೇಡಿ. ಮೂವತ್ತು ಗ್ರಾಂ ತೂಕದ ಜೀವಕ್ಕೆ ಅದರ ಒಂದು ಹನಿಯೂ ವಿಷದ ಪ್ರಮಾಣ ಆಗಬಹುದು.

ಮೂರನೆಯದು ನೆಮ್ಮದಿ. ಹೊಸದಾಗಿ ತಂದ ಮರಿ ಬಸ್ಸಿನ ಕುಲುಕಾಟ, ಹೊಸ ವಾಸನೆ, ಹೊಸ ಮುಖಗಳ ನಡುವೆ ಒಂದು ವಾರ ಕಡಿಮೆ ತಿನ್ನುವುದು ರೋಗವಲ್ಲ. ಆ ವಾರ ಅದನ್ನು ಕೈಗೆತ್ತಿಕೊಳ್ಳದಿರುವುದೇ ಚಿಕಿತ್ಸೆ. ಮನೆಗೆ ಬಂದವರಿಗೆಲ್ಲ ತೋರಿಸುವ ಆಸೆ ತಡೆದುಕೊಳ್ಳಬೇಕು. ಪೆಟ್ಟಿಗೆಯ ಮೂರು ಬದಿಗೆ ಹೊರಗಿನಿಂದ ಕಾಗದ ಅಂಟಿಸಿದರೆ ಗಾಜಿನಲ್ಲಿ ತನ್ನದೇ ಪ್ರತಿಬಿಂಬ ಕಂಡು ಬೆದರುವುದು ತಪ್ಪುತ್ತದೆ, ಬೆಕ್ಕಿನ ಕಣ್ಣೂ ಬೀಳದು. ಜೊತೆಗಿರಲಿ ಎಂದು ಎರಡು ಮರಿ ಒಟ್ಟಿಗೆ ಇಟ್ಟವರು ಮಾತ್ರ ತಕ್ಷಣ ಬೇರೆ ಮಾಡಬೇಕು. ಒಂದರ ಮೇಲೆ ಒಂದು ಹತ್ತಿ ಕೂತಿದ್ದನ್ನು ಸ್ನೇಹ ಎಂದುಕೊಳ್ಳುತ್ತಾರೆ. ಮೇಲಿನದು ಕೆಳಗಿನದರ ಬಿಸಿಲನ್ನು ಕಸಿಯುತ್ತಿರುತ್ತದೆ, ಕೆಳಗಿನದು ದಿನದಿನಕ್ಕೆ ಕುಗ್ಗುತ್ತದೆ. ಹೊಳೆಯ ಮರಳು ಹಾಸುವ ರೂಢಿಯೂ ಬೇಡ. ಹುಳದ ಜೊತೆ ನುಂಗಿದ ಮರಳು ಕರುಳಿನಲ್ಲಿ ಕಟ್ಟಿಕೊಂಡರೆ ಹೊಟ್ಟೆ ಉಬ್ಬಿ ಮರಿ ಊಟ ಬಿಡುತ್ತದೆ. ಹಳೆಯ ಪತ್ರಿಕೆ ಹಾಸಿದರೆ ಸಾಕು, ಹಿಕ್ಕೆ ಹೇಗಿದೆ ಎಂಬುದೂ ಅದರ ಮೇಲೆ ಸ್ಪಷ್ಟವಾಗಿ ಕಾಣುತ್ತದೆ. ಪೊರೆ ಬಿಡುವ ದಿನಗಳಲ್ಲಿ ತಿನ್ನುವುದು ಕಡಿಮೆಯಾಗುತ್ತದೆ, ಅದು ತಾನಾಗಿ ಸರಿಹೋಗುತ್ತದೆ.

ಇಷ್ಟಾದ ಮೇಲೆ ತಿನಿಸಿನ ಮಾತು. ಇಲ್ಲಿ ನಮ್ಮ ಸೀಮೆಯ ದೊಡ್ಡ ಅಪಾಯ ಕೀಟನಾಶಕ. ಸಿಂಧನೂರಿನ ಕಾಲುವೆ ಬಯಲಿನ ಭತ್ತಕ್ಕೆ, ಲಿಂಗಸುಗೂರು, ಮಸ್ಕಿ ಕಡೆಯ ಹತ್ತಿ, ತೊಗರಿ, ಮೆಣಸಿನಕಾಯಿಗೆ ಔಷಧ ಹೊಡೆಯದ ಹೊಲ ಅಪರೂಪ. ಅಲ್ಲಿಂದ ಹಿಡಿದು ತಂದ ಮಿಡತೆಯ ಮೈಯಲ್ಲಿ ಆ ಔಷಧ ಇರುತ್ತದೆ. ದೊಡ್ಡ ಪ್ರಾಣಿಗೆ ಲೆಕ್ಕಕ್ಕಿಲ್ಲದ ಪ್ರಮಾಣ ಇಷ್ಟು ಚಿಕ್ಕ ಮರಿಗೆ ಲೆಕ್ಕಕ್ಕೆ ಬರುತ್ತದೆ. ತೊಗರಿ ಹೂವಿನ ಮೇಲೆ ಕೂರುವ ಕಪ್ಪು, ಕಿತ್ತಳೆ ಪಟ್ಟೆಯ ದುಂಬಿಗಳು ಮೈಮೇಲೆ ಬೊಬ್ಬೆ ಎಬ್ಬಿಸುವಂಥವು. ಅವನ್ನೂ ಮಿಂಚುಹುಳುಗಳನ್ನೂ ಮರಿಯ ಹತ್ತಿರ ಸುಳಿಯಲೂ ಬಿಡಬೇಡಿ. ಮಿಂಚುಹುಳು ತಿಂದು ಗಡ್ಡದ ಓತಿಗಳು ಸತ್ತದ್ದು ಅಮೆರಿಕದಲ್ಲಿ ದಾಖಲಾಗಿದೆ. ಹಾಗಾದರೆ ಏನು ಕೊಡಬೇಕು? ನಾನು ಮೊದಲು ಹೆಸರಿಸುವುದು ರೇಷ್ಮೆ ಹುಳ. ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. ಬೆಳೆಗಾರರ ಬಳಿ ಎರಡನೇ, ಮೂರನೇ ಜ್ವರದ (ಪೊರೆ ಬಿಡುವ) ಹಂತದ ಚಿಕ್ಕ ಹುಳ ಕೇಳಿದರೆ ಸಿಗುತ್ತವೆ. ಮೆತ್ತಗಿರುತ್ತವೆ, ಮೈತುಂಬ ನೀರಿರುತ್ತದೆ, ನಿಧಾನವಾಗಿ ಹರಿಯುವುದರಿಂದ ನಿಶ್ಶಕ್ತ ಮರಿಯೂ ಹಿಡಿಯಬಲ್ಲದು. ಔಷಧ ಹೊಡೆದ ಸೊಪ್ಪು ತಿಂದರೆ ರೇಷ್ಮೆ ಹುಳವೇ ಬದುಕುವುದಿಲ್ಲ, ಹಾಗಾಗಿ ಜೀವಂತ ಹುಳ ಹೆಚ್ಚುಕಡಿಮೆ ಶುದ್ಧ ಎಂಬ ಭರವಸೆಯೂ ಇದೆ. ಇನ್ನೊಂದು ಗೆದ್ದಲು. ಆಸ್ಟ್ರೇಲಿಯಾದ ಬಯಲಿನಲ್ಲಿ ಹಿಡಿದ ಗಡ್ಡದ ಓತಿಗಳ ಹೊಟ್ಟೆಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಆಹಾರ ಗೆದ್ದಲೇ ಆಗಿತ್ತು. ಔಷಧ ಸುರಿಯದ ಪಾಳುಭೂಮಿಯ ಹುತ್ತದಿಂದ ತಂದ ಗೆದ್ದಲಿನ ಗಿಜಿಗಿಜಿ ಚಲನೆ ಹಟದ ಮರಿಯನ್ನೂ ಎಬ್ಬಿಸುತ್ತದೆ. ಮನೆಯ ಗೋಡೆಯ, ಹೊಲದ ಬದುವಿನ ಗೆದ್ದಲು ಬೇಡ. ಹುಳ ಯಾವುದೇ ಇರಲಿ, ಮರಿಯ ಎರಡು ಕಣ್ಣುಗಳ ನಡುವಿನ ಅಗಲಕ್ಕಿಂತ ದೊಡ್ಡದಿರಬಾರದು. ಹತ್ತು ಹದಿನೈದು ನಿಮಿಷ ಬಿಟ್ಟು, ಉಳಿದದ್ದನ್ನು ತೆಗೆದುಬಿಡಿ. ರಾತ್ರಿ ಉಳಿದ ಕ್ರಿಕೆಟ್ ಹುಳಗಳು ಮಲಗಿದ ಮರಿಯ ಬೆರಳು, ಕಣ್ಣಂಚನ್ನೇ ಕಚ್ಚುತ್ತವೆ. ಸಣ್ಣಗೆ ಹೆಚ್ಚಿದ ನುಗ್ಗೆ ಸೊಪ್ಪು, ತುರಿದ ಕುಂಬಳಕಾಯಿ, ದಾಸವಾಳದ ಎಸಳು ದಿನವೂ ಒಂದು ತಟ್ಟೆಯಲ್ಲಿರಲಿ, ತಿನ್ನದಿದ್ದರೂ ಇರಲಿ. ಬೆಣ್ಣೆಹಣ್ಣು ಮಾತ್ರ ಬೇಡವೇ ಬೇಡ.

‘ಇದೆಲ್ಲ ಸರಿಮಾಡುವಷ್ಟರಲ್ಲಿ ಮರಿ ಹಸಿವಿನಿಂದ ಸತ್ತುಹೋದರೆ? ಒಂದೆರಡು ಹನಿ ತಿನ್ನಿಸಿದರೆ ತಪ್ಪೇನು?’ ಇದು ಗಂಭೀರವಾದ ಆಕ್ಷೇಪ, ಭಾವುಕತೆ ಎಂದು ತಳ್ಳಿಹಾಕುವಂಥದ್ದಲ್ಲ. ಉತ್ತರ ಓತಿಯ ದೇಹದಲ್ಲೇ ಇದೆ. ಅಷ್ಟೇ ತೂಕದ ಇಲಿಗೆ ಬೇಕಾದ ಶಕ್ತಿಯಲ್ಲಿ ಸುಮಾರು ಹತ್ತನೇ ಒಂದು ಪಾಲು ಸಾಕು ಅದಕ್ಕೆ. ಇಲಿ ಒಂದೆರಡು ದಿನದಲ್ಲಿ ಸಾಯುವ ಕಡೆ ನೀರು ಸಿಗುತ್ತಿರುವ ಓತಿ ಮರಿ ಹಲವು ದಿನ ತಡೆಯುತ್ತದೆ. ಆದರೆ ಅದರ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ, ಸಿರಿಂಜಿನಿಂದ ನೂಕಿದ ದ್ರವ ಶ್ವಾಸಕೋಶಕ್ಕೆ ಇಳಿಯುವುದು ಬಹಳ ಸುಲಭ. ಕ್ಯಾಲ್ಸಿಯಂ ಕಡಿಮೆಯಾದ ಮರಿಯ ಬಾಯಿ ಬಲವಂತವಾಗಿ ಬಿಡಿಸಿದರೆ ದವಡೆ ಮುರಿಯಬಹುದು. ಪಶುವೈದ್ಯರೂ ಸಿರಿಂಜಿನಲ್ಲಿ ತಿನ್ನಿಸುತ್ತಾರೆ ನಿಜ; ಅವರು ಮೊದಲು ಮೈ ಬೆಚ್ಚಗೆ ಮಾಡಿ, ನೀರಿನ ಕೊರತೆ ನೀಗಿಸಿ, ಆಮೇಲೆ ತಿನ್ನಿಸುತ್ತಾರೆ. ನೀವು ಮನೆಯಲ್ಲಿ ಮಾಡಬೇಕಾದ್ದು ಆ ಮೊದಲ ಎರಡು ಕೆಲಸ. ಮೂತಿಯ ಮೇಲೆ ಒಂದೊಂದೇ ಹನಿ ನೀರು ಬಿಡಿ, ಅದು ತಾನೇ ನೆಕ್ಕಲಿ. ದಿನಕ್ಕೊಮ್ಮೆ ಮರಿಯ ಮೊಣಕೈ ಮುಳುಗುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಹದಿನೈದು ನಿಮಿಷ ನಿಲ್ಲಿಸಿ, ಪಕ್ಕದಲ್ಲೇ ಇರಿ; ಮಲಬದ್ಧತೆ ಇದ್ದರೆ ಎಷ್ಟೋ ಸಲ ಆ ನೀರಿನಲ್ಲೇ ಹಿಕ್ಕೆ ಹಾಕುತ್ತದೆ. ಇನ್ನು ಭಯಕ್ಕೂ ಧೈರ್ಯಕ್ಕೂ ಆಧಾರ ತೂಕ. ಅಕ್ಕಸಾಲಿಗರು ಬಳಸುವಂಥ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ಎರಡು ದಿನಕ್ಕೊಮ್ಮೆ ತೂಗಿ ಬರೆದಿಡಿ. ತೂಕ ನಿಂತಲ್ಲೇ ನಿಂತಿದ್ದರೆ ಕಾಯಲು ಸಮಯವಿದೆ. 30 ಗ್ರಾಂ ಇದ್ದದ್ದು 27ಕ್ಕೆ ಇಳಿದರೆ ಹತ್ತನೇ ಒಂದು ಪಾಲು ಹೋದಂತೆ, ಇನ್ನು ಕಾಯುವಂತಿಲ್ಲ.

ಚಳಿಗಾಲದಲ್ಲಿ ‘ಇದು ಅದರ ಚಳಿನಿದ್ದೆ’ ಎಂದು ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ಬೆಳೆದ ಗಡ್ಡದ ಓತಿಗಳು ವಾರಗಟ್ಟಲೆ ಮಂಕಾಗಿ ಮಲಗುವುದು ನಿಜ. ಆದರೆ ಒಂದು ವರ್ಷದೊಳಗಿನ ಮರಿಯ ಮೈಯಲ್ಲಿ ಅದಕ್ಕೆ ಬೇಕಾದ ಕೊಬ್ಬು ಇರುವುದಿಲ್ಲ. ಮರಿ ಮಲಗಿ ಏಳದಿದ್ದರೆ ಅದನ್ನು ನಿದ್ದೆ ಎನ್ನದೆ ರೋಗವೆಂದೇ ಹಿಡಿಯಿರಿ.

‘ನಮ್ಮ ಕಡೆ ಇಂಥ ಪ್ರಾಣಿಗೆ ಡಾಕ್ಟರ್ ಎಲ್ಲಿದ್ದಾರೆ’ ಎಂಬ ಮಾತೂ ಅರ್ಧ ಮಾತ್ರ ನಿಜ. ಮರಿಗಳ ಹಸಿವು ಕೆಡಿಸುವ ರೋಗಗಳಲ್ಲಿ ತೀರ ಸಾಮಾನ್ಯವಾದವು ಕರುಳಿನ ಕಾಕ್ಸಿಡಿಯಾ ಎಂಬ ಸೂಕ್ಷ್ಮ ಪರಾವಲಂಬಿ ಮತ್ತು ಜಂತುಹುಳು. ಹಿಕ್ಕೆ ನೀರಾಗಿ, ಕೆಟ್ಟ ವಾಸನೆ ಬರುವುದು ಇವುಗಳ ಗುರುತು. ಇವನ್ನು ಪತ್ತೆ ಮಾಡುವುದು ಸೂಕ್ಷ್ಮದರ್ಶಕದಲ್ಲಿ ಸಗಣಿ ಪರೀಕ್ಷೆಯಿಂದ. ಕುರಿ, ಆಡು, ಕೋಳಿಗಳಿಗಾಗಿ ಪಶು ಆಸ್ಪತ್ರೆಗಳಲ್ಲಿ ಮಾಡುವ ಪರೀಕ್ಷೆಯೇ ಇದು. ಅಂದಿನ ತಾಜಾ ಹಿಕ್ಕೆಯನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ, ಒಣಗದಂತೆ ಮುಚ್ಚಿ, ತಾಲ್ಲೂಕಿನ ಪಶು ಆಸ್ಪತ್ರೆಗೆ ಒಯ್ಯಿರಿ. ತಾಪಮಾನದ ಲೆಕ್ಕ, ತೂಕದ ಚೀಟಿಯೂ ಜೊತೆಗಿರಲಿ. ಅಲ್ಲಿನ ವೈದ್ಯರು ಬೇಕೆಂದರೆ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ತಜ್ಞರನ್ನೋ ಬೆಂಗಳೂರಿನ ಹೆಬ್ಬಾಳದ ಕಾಲೇಜನ್ನೋ ವಿಚಾರಿಸಬಹುದು. ಕುರಿಗೆ ಕೊಡುವ ಜಂತಿನ ಔಷಧವನ್ನು ಅಂದಾಜಿನಲ್ಲಿ ಮರಿಗೆ ಹಾಕುವುದು ಮಾತ್ರ ಸಲ್ಲದು. ಖರೀದಿಯ ರಸೀದಿಯನ್ನು ಜೋಪಾನವಾಗಿಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ, ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಗಳಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರಿಗೆ ನೋಂದಣಿ ಕಡ್ಡಾಯ ಮಾಡಿದೆ. ನಿಮ್ಮ ಪ್ರಾಣಿಗೆ ಅದು ಅನ್ವಯಿಸುತ್ತದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಕೇಳಿ ತಿಳಿದುಕೊಳ್ಳಿ. ಸಾಕಲಾಗದು ಎನಿಸಿದರೆ ಬಲ್ಲವರಿಗೆ ಒಪ್ಪಿಸಿ, ಬೇಲಿಗೋ ಕೋಟೆಯ ಬಂಡೆಗೋ ಬಿಡಬೇಡಿ. ಅಲ್ಲಿ ಅದು ಬದುಕುವುದಿಲ್ಲ, ಅದರ ರೋಗ ನಮ್ಮ ಓತಿಗಳಿಗೆ ತಗಲಬಹುದು.

ಬಿಸಿ, ಬೆಳಕು ಎರಡೂ ಅಳತೆಯಂತೆ ಸರಿಯಾಗಿ ಮೂರು ದಿನ ಕಳೆದರೂ ಮೂರು ತಿಂಗಳೊಳಗಿನ ಮರಿ ಹುಳ ಮುಟ್ಟದಿದ್ದರೆ ನಾಲ್ಕನೆಯ ದಿನ ಆಸ್ಪತ್ರೆಯಲ್ಲಿರಬೇಕು. ಅದುರುವಿಕೆ, ಗುಳಿಬಿದ್ದ ಕಣ್ಣು, ಉಬ್ಬಿದ ಹೊಟ್ಟೆ, ಬಾಯಲ್ಲಿ ಲೋಳೆ, ಹಿಕ್ಕೆಯಲ್ಲಿ ರಕ್ತ, ಇವುಗಳಲ್ಲಿ ಒಂದು ಕಂಡರೂ ಆ ಮೂರು ದಿನವನ್ನೂ ಕಾಯಬೇಡಿ, ಅಂದೇ ಹೊರಡಿ.